ಮುದಿ ನಾಯಿ ಸತ್ತಾಗ ಶವಪರೀಕ್ಷೆ ಬೇಡವೆನ್ನಬೇಡಿ

ಹುಕ್ಕೇರಿ ತಾಲೂಕಿನ ದಡ್ಡಿ ಹಾಗೂ ಗೋಕಾಕ, ಮೂಡಲಗಿ ಸೀಮೆಯಲ್ಲಿ ಹೊಲಮನೆ ಕಾಯಲು ಮುಧೋಳ ನಾಯಿ ಸಾಕುವ ರೈತರುಂಟು. ಘಟಪ್ರಭೆಯ ಕೆಳದಂಡೆಯ ಮುಧೋಳದಲ್ಲಿ ಘೋರ್ಪಡೆ ಅರಸರು ಪೋಷಿಸಿದ ತಳಿಯಿದು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಮರಿ ಕೊಳ್ಳುವಾಗ ನಾವು ಅದರ ಮೈಕಟ್ಟು, ಓಟ, ತಾಯಿತಂದೆ ಎಲ್ಲವನ್ನೂ ವಿಚಾರಿಸುತ್ತೇವೆ. ಹತ್ತು ವರ್ಷ ಬಾಳಿ ಸತ್ತಾಗ ಮಾತ್ರ "ವಯಸ್ಸಾಗಿತ್ತು" ಎಂದು ಹೂಳಿಬಿಡುತ್ತೇವೆ. ಇದು ಸರಿಯಲ್ಲ.

ಮುಪ್ಪು ರೋಗವಲ್ಲ. ಸಾವಿಗೆ ಕಾರಣ ಬೇರೆಯೇ ಇರುತ್ತದೆ. ಮುದಿ ನಾಯಿಗಳ ಶವಪರೀಕ್ಷೆಯಲ್ಲಿ ಮೂತ್ರಪಿಂಡಗಳು ಕುಗ್ಗಿ ಗಟ್ಟಿಯಾಗಿರುವುದು ಕಂಡುಬರುತ್ತದೆ. ಇಂಥ ನಾಯಿ ಬದುಕಿದ್ದಾಗ ಹೆಚ್ಚು ನೀರು ಕುಡಿದು, ಹೆಚ್ಚು ಮೂತ್ರ ಮಾಡಿ, ಸೊರಗುತ್ತಾ ಬಂದಿರುತ್ತದೆ. ಹೆಣ್ಣು ನಾಯಿಯಲ್ಲಿ ಗರ್ಭಕೋಶದ ತುಂಬ ಕೀವು ಇರಬಹುದು. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಬರುವ ಈ ರೋಗಕ್ಕೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರೆ ನಾಯಿ ಉಳಿಯುವ ಸಂಭವ ಹೆಚ್ಚು. ಮೊಲೆಯ ಗಡ್ಡೆ ಶ್ವಾಸಕೋಶಕ್ಕೆ ಹಬ್ಬಿರುವುದೂ ಉಂಟು.

ಹಠಾತ್ ಸಾವಿನಲ್ಲಿ ಪರೀಕ್ಷೆ ಇನ್ನೂ ಅಗತ್ಯ. ರಾತ್ರಿ ಉಂಡ ನಾಯಿ ಬೆಳಿಗ್ಗೆ ಹೊಟ್ಟೆಯುಬ್ಬಿ ಸತ್ತಿದ್ದರೆ ಪಕ್ಕದ ಹೊಲದವರು ವಿಷವಿಟ್ಟರೆಂದು ಜಗಳ ಹುಟ್ಟುತ್ತದೆ. ಮುಧೋಳದಂತಹ ಆಳವಾದ ಎದೆಯ ನಾಯಿಗಳಲ್ಲಿ ಜಠರವೇ ತಿರುಚಿಕೊಂಡು ಸಾವು ಬರುವುದುಂಟು. ಗುಲ್ಮದ ಗಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿಯೂ ಸಾಯಬಹುದು. ನಿಜ ತಿಳಿಯದೆ ನೆರೆಯವರ ಮೇಲೆ ಅಪವಾದ ಹೊರಿಸುವುದು ತರವೇ? ವಿಷದ ಸಂಶಯವಿದ್ದರೆ ವೈದ್ಯರು ಜಠರ, ಯಕೃತ್ತಿನ ತುಣುಕುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ.

"ಮನೆಯ ಅನ್ನ ತಿಂದ ಜೀವ, ಸತ್ತ ಮೇಲೆ ಕೊಯ್ಯಿಸುವುದೇ?" ಎಂದು ಹಿರಿಯರು ಕೇಳುವುದುಂಟು. ಅವರ ಮರುಕ ಸಹಜವಾದದ್ದೇ. ಆದರೆ ಅದರ ಮರಿಗಳು ನಮ್ಮ ಅಂಗಳದಲ್ಲೂ ಬೀಗರ ಮನೆಯಲ್ಲೂ ಇವೆ. ತಾಯಿಗೆ ಏನಾಗಿತ್ತೆಂದು ತಿಳಿದರೆ ಅವುಗಳ ಆರೈಕೆಗೆ ದಾರಿಯಾಗುತ್ತದೆ. ಒಂದೇ ವಂಶದಲ್ಲಿ ಒಂದೇ ದೋಷ ಮರುಕಳಿಸಿದರೆ ಆ ರಕ್ತಸಂಬಂಧದ ನಾಯಿಗಳನ್ನು ಪರಸ್ಪರ ಕೂಡಿಸುವುದನ್ನು ಬಿಡಬಹುದು. ಶುದ್ಧ ತಳಿಯನ್ನು ಉಳಿಸಲು ಬರಿಯ ಮೈಕಟ್ಟು ನೋಡಿದರೆ ಸಾಲದು.

ನಾಯಿ ಸತ್ತೊಡನೆ ಶವವನ್ನು ನೆರಳಿನಲ್ಲಿರಿಸಿ, ಪಶುವೈದ್ಯರಿಗೆ ತಿಳಿಸಿರಿ. ಬೇಸಿಗೆಯಲ್ಲಿ ತಡಮಾಡಿದರೆ ಶವ ಕೊಳೆತು ಗುರುತುಗಳು ಅಳಿಯುತ್ತವೆ. ನೀವಾಗಿ ಮಾತ್ರ ಎಂದೂ ಕೊಯ್ಯಬೇಡಿ. ನಾಯಿ ಕಂಡಕಂಡವರನ್ನು ಕಚ್ಚಿದ್ದರೆ, ಜೊಲ್ಲು ಸುರಿಸಿದ್ದರೆ ಇಲ್ಲವೇ ದನಿ ಬದಲಾಗಿದ್ದರೆ ಹುಚ್ಚುರೋಗವಿರಬಹುದು. ಇದನ್ನು ಮೊದಲೇ ಹೇಳಿರಿ. ಶವವನ್ನು ಬರಿಗೈಯಿಂದ ಮುಟ್ಟಬೇಡಿ. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ದವಾಖಾನೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಪರೀಕ್ಷೆಯ ನಂತರ ಶವವನ್ನು ಬಾವಿ, ಹಳ್ಳಗಳಿಂದ ದೂರ ಆಳವಾಗಿ ಹೂಳಿರಿ. ವೈದ್ಯರು ತಿಳಿಸಿದ ಕಾರಣವನ್ನು ನಾಯಿಯ ವಯಸ್ಸಿನೊಡನೆ ಒಂದು ವಹಿಯಲ್ಲಿ ಬರೆದಿಡಿರಿ. ಮುಂದೆ ನಿಮ್ಮಲ್ಲಿ ಮರಿ ಕೇಳಲು ಬಂದವರಿಗೆ ಆ ವಹಿಯನ್ನೂ ತೋರಿಸಿರಿ.