ನಿಮ್ಮ ಪಾರ್ಕ್ ಡ್ರೋನ್‌ಗೋ, ಜನಕ್ಕೋ?

1/9
ರಜಾ ಶುರುವಾದಾಗಿಂದ ಫೀಡ್ ತುಂಬಾ ಥೀಮ್ ಪಾರ್ಕ್. ಕೆಲವರದ್ದು ಪ್ಲಾನೆಟ್ ಕೋಸ್ಟರ್, ಕೆಲವರದ್ದು ಪಾರ್ಕಿಟೆಕ್ಟ್, ಹಳೇ ಲ್ಯಾಪ್‌ಟಾಪ್ ಇರೋರು, ಬರೀ ಫೋನ್ ಇರೋರು ರೋಲರ್‌ಕೋಸ್ಟರ್ ಟೈಕೂನ್. ಆಡಿ, ಖುಷಿ. ಆದ್ರೆ ಎಲ್ಲರ ಪೋಸ್ಟೂ ಒಂದೇ ಥರ: ಆಕಾಶದಿಂದ ತೆಗೆದ ಸ್ಕ್ರೀನ್‌ಶಾಟ್, ನಡುವೆ ಮುಗಿಲಿಗೆ ಏಣಿ ಹಾಕಿದ ಹಾಗೆ ಒಂದು ಕೋಸ್ಟರ್, ಕೆಳಗೆ "ಹೆಂಗಿದೆ ಗುರು?"

ಕೇಳಿದ್ರಲ್ಲ, ಹೇಳ್ತೀನಿ. ಚೆನ್ನಾಗಿಲ್ಲ. ಮೇಲಿಂದ ನೋಡೋಕೆ ಚೆಂದ ಇದೆ, ಒಳಗೆ ಹೋದವನ ಗತಿ ದೇವರಿಗೇ ಪ್ರೀತಿ. ಗೇಟಿಂದ ಕೋಸ್ಟರ್‌ವರೆಗೆ ಒಂದು ಬೆಂಚಿಲ್ಲ. ಟಾಯ್ಲೆಟ್ ಮ್ಯಾಪಿನ ಇನ್ನೊಂದು ಮೂಲೆಯಲ್ಲಿ. ದಾರಿ ನೋಡಿದ್ರೆ ಕ್ರಿಕೆಟ್ ಗ್ರೌಂಡ್ ಅಗಲ, ಅದರ ಮೇಲೆ ವಾಂತಿ, ಗುಡಿಸೋಕೆ ಒಬ್ಬ ಕೆಲಸಗಾರನೂ ಇಲ್ಲ.

"ಅನ್‌ಲಿಮಿಟೆಡ್ ದುಡ್ಡು ಆನ್ ಮಾಡಿ, ಬ್ಲೂಪ್ರಿಂಟ್ ಡೌನ್‌ಲೋಡ್ ಮಾಡಿ, ಹತ್ತೇ ನಿಮಿಷದಲ್ಲಿ ಪಾರ್ಕ್ ರೆಡಿ" ಅನ್ನೋ ರೀಲ್ಸ್ ನೋಡಿ ಕಲಿತರೆ ಇದೇ ಆಗೋದು. ಇವತ್ತಿನ 9 ಪೋಸ್ಟ್ ಆ ರೀಲ್ಸ್ ವಿರುದ್ಧ. ಹೊಸಬರಿಗೆ ಬೇಕಾದ ಟಿಪ್ಸ್ ಇದರಲ್ಲೇ ಇವೆ, ಜೊತೆಗೆ ಒಂದಿಷ್ಟು ಬೈಗುಳನೂ ಇದೆ. ಸೇವ್ ಮಾಡ್ಕೊಂಡು ಓದಿ.

2/9
ಮೊದಲು ಈ ಆಟ ಏನು ಅಂತ ಅರ್ಥ ಮಾಡ್ಕೊಳ್ಳಿ. ರೋಲರ್‌ಕೋಸ್ಟರ್ ಟೈಕೂನ್ ಬಂದಿದ್ದು 1999ರಲ್ಲಿ. ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಅದರ ಕೋಡನ್ನು ಹೆಚ್ಚುಕಮ್ಮಿ ಪೂರ್ತಿ ಅಸೆಂಬ್ಲಿ ಭಾಷೆಯಲ್ಲಿ ಬರೆದ. ಕಂಪ್ಯೂಟರ್ ಸೈನ್ಸ್ ಓದೋರಿಗೆ ಗೊತ್ತು ಅದೆಂಥಾ ತಲೆನೋವು ಅಂತ.

ಅಷ್ಟು ಕಷ್ಟಪಟ್ಟು ಅವನು ಆ ಪಾರ್ಕಿನಲ್ಲಿ ಇಟ್ಟಿದ್ದೇನು? ಅಕ್ಕಿಕಾಳಿನಷ್ಟು ಪುಟ್ಟ ಜನರನ್ನ. ಒಬ್ಬೊಬ್ಬರಿಗೂ ಬೇರೆ ಬೇರೆ ಹಸಿವು, ಬಾಯಾರಿಕೆ, ಜೇಬಲ್ಲಿ ಬೇರೆ ಬೇರೆ ದುಡ್ಡು. ಒಬ್ಬನಿಗೆ ಜೋರು ರೈಡ್ ಬೇಕು, ಇನ್ನೊಬ್ಬನಿಗೆ ಮೆರ್ರಿ-ಗೋ-ರೌಂಡೇ ಸಾಕು. ಯಾರನ್ನಾದ್ರೂ ಕ್ಲಿಕ್ ಮಾಡಿ, ಅವರ ತಲೆಯೊಳಗೆ ಏನು ಓಡ್ತಿದೆ ಅಂತ ಓದಬಹುದು. ದಾರಿ ಗಲೀಜಾಗಿದೆ, ಈ ರೈಡಿಗೆ ಇಷ್ಟು ದುಡ್ಡು ಕೊಡಲ್ಲ, ಹೊರಗೆ ಹೋಗೋ ಗೇಟೇ ಸಿಗ್ತಿಲ್ಲ – ಎಲ್ಲಾ ಅಲ್ಲೇ ಇರುತ್ತೆ. ಮಳೆ ಬಂದರೆ ಕೊಡೆಗೆ ಜಾಸ್ತಿ ದುಡ್ಡು ಕೊಡೋಕೂ ಅವರು ರೆಡಿ!

ಟಿಪ್ 1: ಹೊಸ ರೈಡ್ ಕಟ್ಟೋ ಮುಂಚೆ ಐದು ಜನರ ಯೋಚನೆ ಓದಿ. ಪಾರ್ಕಿಗೆ ಏನು ಬೇಕು ಅಂತ ಯಾವ ಯೂಟ್ಯೂಬರ್‌ಗಿಂತ ಚೆನ್ನಾಗಿ ಅವರೇ ಹೇಳ್ತಾರೆ. ಅದನ್ನ ಓದದೇ ಕೋಸ್ಟರ್ ಎಳೀತಾ ಕೂರೋದು ಅಂದ್ರೆ ಮದುವೆ ಮನೆಯಲ್ಲಿ ಊಟಕ್ಕೆ ಕೂತವರನ್ನ ಕೇಳದೇ ಬರೀ ಲೈಟಿಂಗ್ ಮಾಡಿಸಿದ ಹಾಗೆ.

3/9
"ದೊಡ್ಡ ಕೋಸ್ಟರ್ ಇಲ್ಲದೆ ಗೆಲ್ಲೋಕಾಗಲ್ಲ" ಅನ್ನೋರಿಗೆ ಒಂದು ಪ್ರಶ್ನೆ. ಆ ಆಟದ ಮೊಟ್ಟಮೊದಲ ಪಾರ್ಕ್ ಫಾರೆಸ್ಟ್ ಫ್ರಾಂಟಿಯರ್ಸ್. ಅದರ ಗುರಿ ಏನು ಗೊತ್ತಾ? ಮೊದಲ ವರ್ಷದ ಅಕ್ಟೋಬರ್ ಮುಗಿಯುವಾಗ ಪಾರ್ಕಿನಲ್ಲಿ 250 ಜನ ಇರಬೇಕು, ಪಾರ್ಕ್ ರೇಟಿಂಗ್ ಕನಿಷ್ಠ 600 ಇರಬೇಕು. ಅಷ್ಟೇ. ಎತ್ತರದ ಮಾತಿಲ್ಲ, ವೇಗದ ಮಾತಿಲ್ಲ. ಜನ ಬರಬೇಕು, ಬಂದವರು ಬೈಕೊಳ್ಳದೇ ಇರಬೇಕು.

ಟಿಪ್ 2: ಮೊದಲ ಪಾರ್ಕನ್ನ ದುಡ್ಡಿನ ಮಿತಿ ಇಟ್ಟುಕೊಂಡೇ ಆಡಿ. ಕೈಯಲ್ಲಿರೋ ದುಡ್ಡಿಗೆ ಮೂರ್ನಾಲ್ಕು ಸಣ್ಣ ರೈಡ್, ಒಂದು ಕುಡಿಯೋ ಅಂಗಡಿ, ಒಂದು ತಿನ್ನೋ ಅಂಗಡಿ, ಒಂದು ಟಾಯ್ಲೆಟ್. ಗೇಟಿನ ಹತ್ತಿರವೇ ಕಟ್ಟಿ. ಜನ ಹೆಚ್ಚಾದಂತೆ ಒಳಗೆ ಹೋಗಿ. ದುಡ್ಡಿಗೆ ಲೆಕ್ಕ ಇದ್ದಾಗ ಮಾತ್ರ "ಇದು ಯಾಕೆ ಬೇಕು?" ಅನ್ನೋ ಪ್ರಶ್ನೆ ಹುಟ್ಟೋದು. ಅನ್‌ಲಿಮಿಟೆಡ್ ದುಡ್ಡಿನಲ್ಲಿ ಆ ಪ್ರಶ್ನೆಯೇ ಬರಲ್ಲ, ಅದಕ್ಕೇ ಅಲ್ಲಿ ಕಲಿಯೋದೂ ಇಲ್ಲ.

4/9
ಈಗ ದಾರಿ. ಹೊಸಬರು ಮೊದಲು ರೈಡ್ ಇಡ್ತಾರೆ, ಆಮೇಲೆ ಉಳಿದ ಜಾಗದಲ್ಲಿ ದಾರಿ ತುರುಕ್ತಾರೆ. ತಲೆಕೆಳಗು ಕೆಲಸ. ದಾರಿ ಮೊದಲು.

ಹಳೇ ಟೈಕೂನ್‌ನಲ್ಲಿ ಎಲ್ಲಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡದ ಮನುಷ್ಯ ಪ್ರತಿ ಕವಲಿನಲ್ಲೂ ಸುಮ್ಮನೆ ಯಾವುದೋ ಒಂದು ಕಡೆ ತಿರುಗ್ತಾನೆ. ನೀವು ಅಗಲಕ್ಕೆ ಕಲ್ಲು ಹಾಸಿಬಿಟ್ರೆ ಅವನಿಗೆ ಹೆಜ್ಜೆಗೊಂದು ಕವಲು. ಅಲ್ಲೇ ಗಿರಕಿ ಹೊಡೀತಾನೆ, ಆಮೇಲೆ ಮನೆಗೆ ಹೋಗಬೇಕು ಅಂತ ಅಳ್ತಾನೆ. ನೀವು ಅದನ್ನ "ಬಗ್" ಅಂತೀರ.

ಟಿಪ್ 3: ಗೇಟಿಂದ ಒಂದು ಮುಖ್ಯ ದಾರಿ. ಅದು ಪಾರ್ಕ್ ಸುತ್ತಿ ಮತ್ತೆ ಗೇಟಿಗೇ ಬಂದು ಸೇರಬೇಕು. ರೈಡ್‌ಗಳು ಅದರ ಪಕ್ಕದಲ್ಲಿ. ಕೊನೆ ಮುಚ್ಚಿದ ಓಣಿಗಳು ಬೇಡ.
ಟಿಪ್ 4: ಕ್ಯೂ ಚಿಕ್ಕದಿರಲಿ. ಉದ್ದ ಕ್ಯೂ ಅಂದ್ರೆ ಜನಪ್ರಿಯತೆ ಅಂದ್ಕೋಬೇಡಿ. ಕ್ಯೂನಲ್ಲಿ ನಿಂತವನು ತಿನ್ನಲ್ಲ, ಕುಡಿಯಲ್ಲ, ಬೇರೆ ರೈಡ್ ಹತ್ತಲ್ಲ, ನಿಂತು ನಿಂತು ಮುಖ ಸಪ್ಪೆ ಮಾಡ್ಕೋತಾನೆ. ಪ್ಲಾನೆಟ್ ಕೋಸ್ಟರ್‌ನಲ್ಲಿ ಕ್ಯೂ ಸುತ್ತ ಎಷ್ಟು ಅಲಂಕಾರ ಇದೆ ಅನ್ನೋದಕ್ಕೇ ಒಂದು ರೇಟಿಂಗ್ ಇದೆ. ಗಿಡ, ಗೋಡೆ, ನೆರಳು ಮೊದಲು ಅಲ್ಲಿ ಹಾಕಿ. ಜನ ಜಾಸ್ತಿ ಹೊತ್ತು ನಿಲ್ಲೋದು ಅಲ್ಲೇ.

5/9
ಟಾಯ್ಲೆಟ್. ಹೌದು, ನಗಬೇಡಿ.

1955ರ ಜುಲೈ 17, ಕ್ಯಾಲಿಫೋರ್ನಿಯಾದ ಅನಾಹೈಮ್. ಡಿಸ್ನಿಲ್ಯಾಂಡ್ ಬಾಗಿಲು ತೆರೆದ ದಿನ. ಉರಿಬಿಸಿಲು. ಹೊಸದಾಗಿ ಹಾಕಿದ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಗುತ್ತಿತ್ತು. ಅದಕ್ಕೂ ಮುಂಚೆ ಪ್ಲಂಬರ್‌ಗಳ ಮುಷ್ಕರ ನಡೆದಿತ್ತು. ಕುಡಿಯುವ ನೀರಿನ ನಲ್ಲಿಗಳು, ಟಾಯ್ಲೆಟ್‌ಗಳು ಎರಡನ್ನೂ ಸಮಯಕ್ಕೆ ಮುಗಿಸುವುದು ಸಾಧ್ಯವಿರಲಿಲ್ಲ. ವಾಲ್ಟ್ ಡಿಸ್ನಿ ಆರಿಸಿದ್ದು ಟಾಯ್ಲೆಟ್. ಕೂಲ್ ಡ್ರಿಂಕ್ ಮಾರೋಕೆ ಬೇಕೂಂತಲೇ ನೀರು ಕೊಟ್ಟಿಲ್ಲ ಅಂತ ಜನ ಬೈದರು. ಬೈಸಿಕೊಂಡರೂ ಆ ಆಯ್ಕೆ ಸರಿ. ಕುಡಿಯೋಕೆ ಬೇರೆ ಏನಾದ್ರೂ ಸಿಗುತ್ತೆ, ಇದಕ್ಕೆ ಬದಲಿ ಇಲ್ಲ.

ನಿಮ್ಮ ಪಾರ್ಕಲ್ಲಿ ಮಷ್ಕರವೂ ಇಲ್ಲ, ಡೆಡ್‌ಲೈನೂ ಇಲ್ಲ, ಆದ್ರೂ ಟಾಯ್ಲೆಟ್ ಇಲ್ಲ. "ಅದೇನ್ ಮಹಾ" ಅನ್ನೋ ಹುಡುಗರೇ, ಕ್ಲಾಸ್ ಟ್ರಿಪ್ ದಿನ ಬೆಳಗಿಂದ ನೀರೇ ಕುಡಿಯದೆ ಬರೋ ಹುಡುಗಿಯರು ನಿಮ್ಮ ಕ್ಲಾಸಲ್ಲೇ ಇದ್ದಾರೆ. ಯಾಕೆ ಅಂತ ಒಂದ್ಸಲ ಕೇಳಿ ನೋಡಿ.

ಟಿಪ್ 5: ಗೇಟ್ ದಾಟಿದ ತಕ್ಷಣ ಒಂದು, ತಿನ್ನೋ ಅಂಗಡಿಗಳ ಗುಂಪಿಗೊಂದು ಟಾಯ್ಲೆಟ್. ಗಿರಗಿರ ತಿರುಗಿಸೋ ರೈಡ್ ಮುಗಿದು ಹೊರಬರೋ ದಾರಿಯಲ್ಲಿ ಬೆಂಚು ಮತ್ತು ಕಸದ ಬುಟ್ಟಿ. ತಲೆಸುತ್ತು ಬಂದವನು ಕೂತ್ರೆ ಸುಧಾರಿಸಿಕೊಳ್ತಾನೆ, ಕೂರೋಕೆ ಜಾಗ ಸಿಗದಿದ್ರೆ ನಿಮ್ಮ ದಾರಿಯ ಮೇಲೇ ಎಲ್ಲಾ ಕಕ್ತಾನೆ. ನಮ್ಮ ಜಾತ್ರೆಗಳಲ್ಲಿ ತೇರು ಬೀದಿಯ ಪಕ್ಕ ಅರವಟಿಗೆ ಇಡೋರು ಡಿಸೈನ್ ಕೋರ್ಸ್ ಮಾಡಿಲ್ಲ. ಜನ ಎಲ್ಲಿ ಬಳಲ್ತಾರೆ ಅಂತ ನೋಡಿದ್ದಾರೆ, ಅಷ್ಟೇ.

6/9
ಈಗ ನಿಮ್ಮ ಪ್ರೀತಿಯ ಎತ್ತರಕ್ಕೆ ಬರೋಣ.

ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ ಮರಗಳ ತುದಿಗಿಂತ ಎತ್ತರ ಕಟ್ಟೋ ಹಾಗಿಲ್ಲ. ನಮ್ಮ ರೀಲ್ಸ್ ಗುರುಗಳಾಗಿದ್ರೆ "ಈ ಮ್ಯಾಪ್ ವೇಸ್ಟ್" ಅಂತ ಡಿಲೀಟ್ ಮಾಡ್ತಿದ್ರು. ಅವರು ನೆಲ ಅಗೆದರು. ಬಂಡೆ ಒಡೆದು ಹಳ್ಳ ಮಾಡಿ ಅದರೊಳಗೆ ಕೋಸ್ಟರ್ ಇಳಿಸಿದರು. 1994ರಲ್ಲಿ ಶುರುವಾದ ಆ ನೆಮೆಸಿಸ್ ನೆಲದಿಂದ ಸುಮಾರು 13 ಮೀಟರ್ ಮಾತ್ರ ಎತ್ತರ. ಕಾಲು ಗಾಳಿಯಲ್ಲಿ ನೇತಾಡ್ತಾ ಇರುತ್ತೆ, ಬಂಡೆ ಪಕ್ಕದಲ್ಲೇ ಹಾದುಹೋಗುತ್ತೆ. 2022ರಲ್ಲಿ ನಿಲ್ಲಿಸಿ, ಹಳೇ ಟ್ರ್ಯಾಕ್ ತೆಗೆದು ಹೊಸದು ಹಾಕಿ, 2024ರಲ್ಲಿ ಮತ್ತೆ ತೆರೆದರು.

ಇನ್ನೊಂದು ಕಡೆ ಅಮೆರಿಕದ ನ್ಯೂಜೆರ್ಸಿಯ ಕಿಂಗ್ಡಾ ಕಾ. 2005ರಲ್ಲಿ ಬಂತು, 139 ಮೀಟರ್, ಆಗ ಜಗತ್ತಿನಲ್ಲೇ ಎತ್ತರದ ಕೋಸ್ಟರ್ ಆಗಿತ್ತು. 2024ರಲ್ಲಿ ಮುಚ್ಚಿದರು, 2025ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಎತ್ತರ ತಪ್ಪು ಅಂತ ನಾನು ಹೇಳ್ತಿಲ್ಲ. ಎತ್ತರ ಒಂದೇ ಐಡಿಯಾ ಆಗಿದ್ರೆ ಅದು ಐಡಿಯಾನೇ ಅಲ್ಲ ಅಂತಿದ್ದೀನಿ.

ಟಿಪ್ 6: ಟೈಕೂನ್‌ನಲ್ಲಿ ಕೋಸ್ಟರ್‌ಗೆ ಮೂರು ಅಂಕ: ಮಜಾ, ತೀವ್ರತೆ, ತಲೆಸುತ್ತು. ತೀವ್ರತೆ 10 ದಾಟಿದ್ರೆ ಹತ್ತೋರೇ ಸಿಗಲ್ಲ. ವೇಗವಾಗಿ ಹೋಗೋ ತಿರುವನ್ನ ಸಪಾಟಾಗಿ ಬಿಡಬೇಡಿ, ಟ್ರ್ಯಾಕನ್ನ ಒಳಕ್ಕೆ ವಾಲಿಸಿ. ಇಲ್ಲದಿದ್ರೆ ಪಕ್ಕಕ್ಕೆ ಎಳೆಯೋ ಬಲ ಏರಿ ತೀವ್ರತೆ ಕೆಟ್ಟುಹೋಗುತ್ತೆ. ಟ್ರ್ಯಾಕ್ ಸ್ವಲ್ಪ ನೆಲದೊಳಗೆ ಹೋಗಲಿ, ದಾರಿಯ ಮೇಲೆ ಹಾದುಹೋಗಲಿ, ಪಕ್ಕ ಮರ ಇರಲಿ. ಎತ್ತರ ಏರಿಸದೇ ಮಜಾ ಏರುತ್ತೆ.

7/9
ಹಾಗಾದ್ರೆ ದೊಡ್ಡದು ಏನೂ ಬೇಡ್ವಾ? ಬೇಕು. ಒಂದು ಬೇಕು.

ಜಾತ್ರೆಗೆ ಹೋದಾಗ ನೆನಪಿಸಿಕೊಳ್ಳಿ. ಊರಿನ ತುದಿಯಲ್ಲಿ ಬಸ್ ಇಳಿದ್ರೂ ತೇರಿನ ತುದಿ ಕಾಣುತ್ತೆ. ಯಾರೂ ದಾರಿ ಹೇಳೋದು ಬೇಡ, ಕಾಲು ತಾನಾಗೇ ಅತ್ತ ಹೋಗುತ್ತೆ. ಹೋಗ್ತಾ ಮಂಡಕ್ಕಿ, ಬಳೆ, ಕಬ್ಬಿನ ಹಾಲು. ಡಿಸ್ನಿಲ್ಯಾಂಡಿನ ಲೆಕ್ಕವೂ ಇದೇ. ಒಳಗೆ ಹೋಗೋಕೆ ಒಂದೇ ಬೀದಿ, ಬೀದಿಯ ಕೊನೆಗೆ ಕೋಟೆ, ಕೋಟೆ ಮುಂದಿನ ವೃತ್ತದಿಂದ ಬೇರೆ ಬೇರೆ ಲೋಕಗಳಿಗೆ ದಾರಿ. ಆ ಕೋಟೆ ಎಷ್ಟು ಎತ್ತರ ಗೊತ್ತಾ? 77 ಅಡಿ. ಕೆಳಗೆ ದೊಡ್ಡ ಕಲ್ಲು, ಮೇಲೆ ಹೋದಂತೆ ಚಿಕ್ಕ ಕಲ್ಲು ತೋರಿಸಿ ಕಣ್ಣಿಗೆ ಮೋಸ ಮಾಡಿದ್ದಾರೆ. ನೆಲದಲ್ಲಿ ನಿಂತವನ ಕಣ್ಣಿಗೆ ಮಾತ್ರ ಅದು ಆಕಾಶದೆತ್ತರ. ಡ್ರೋನ್‌ಗೆ ಈ ಮೋಸ ತಿಳಿಯೋದೇ ಇಲ್ಲ.

ಟಿಪ್ 7: ಗೇಟಿನಲ್ಲಿ ನಿಂತವನಿಗೆ ಕಾಣೋ ಹಾಗೆ ಒಂದೇ ಒಂದು ದೊಡ್ಡ ವಸ್ತು ಇಡಿ. ಕ್ಯಾಮೆರಾವನ್ನ ನೆಲಕ್ಕೆ ಇಳಿಸಿ, ಗೇಟಿಂದ ನಡೆದು ನೋಡಿ. ಕಂಡರೆ ಸರಿ. ಎಂಟು ದೊಡ್ಡ ಕೋಸ್ಟರ್ ಒಟ್ಟಿಗೆ ಕಾಣ್ತಿದ್ರೆ ಕಣ್ಣು ಯಾವುದರ ಮೇಲೂ ನಿಲ್ಲಲ್ಲ.

8/9
ಕೆಲಸಗಾರರು. ಯಾವ ಸ್ಕ್ರೀನ್‌ಶಾಟಲ್ಲೂ ಇವರು ಕಾಣಲ್ಲ, ಅದಕ್ಕೇ ನೀವು ಇವರನ್ನ ಮರೀತೀರ.

ಟಿಪ್ 8: ಟೈಕೂನ್‌ನಲ್ಲಿ ಗುಡಿಸೋರಿಗೆ ಕೆಲಸದ ಪಟ್ಟಿಯಲ್ಲಿ ಹುಲ್ಲು ಕತ್ತರಿಸೋದೂ ಇರುತ್ತೆ. ಅದನ್ನ ಆಫ್ ಮಾಡಿ. ಇಲ್ಲದಿದ್ರೆ ದಾರಿಯಲ್ಲಿ ವಾಂತಿ ಬಿದ್ದಿದ್ರೂ ಅವನು ಮೂಲೆಯಲ್ಲಿ ಹುಲ್ಲು ಕತ್ತರಿಸ್ತಾ ಇರ್ತಾನೆ. ತಪ್ಪು ಅವನದಲ್ಲ, ಅವನಿಗೆ ಜಾಗ ಹೇಳದ ನಿಮ್ಮದು. ಒಬ್ಬೊಬ್ಬರಿಗೂ ಒಂದು ವಲಯ ಗುರುತು ಹಾಕಿ ಕೊಡಿ. ರೈಡ್‌ಗಳ ತಪಾಸಣೆಯನ್ನ ಹತ್ತು ನಿಮಿಷಕ್ಕೊಮ್ಮೆ ಅಂತ ಇಡಿ, ಮೆಕ್ಯಾನಿಕ್‌ಗಳನ್ನ ರೈಡಿನ ಹತ್ತಿರವೇ ಇಡಿ.

ಪಾರ್ಕಿಟೆಕ್ಟ್ ಇನ್ನೊಂದು ಹೆಜ್ಜೆ ಮುಂದೆ. ಅಲ್ಲಿ ಅಂಗಡಿಗೆ ಸಾಮಾನು ತಾನಾಗೇ ಬರಲ್ಲ, ಯಾರೋ ಹೊತ್ತು ತರಬೇಕು, ಆ ಓಡಾಟ ಜನರ ಕಣ್ಣಿಗೆ ಬೀಳಬಾರದು. ಹಾಗಾಗಿ ಅಂಗಡಿ ಹಿಂದೆ ಒಂದು ದಾರಿ ಬೇಕು. 1971ರಲ್ಲಿ ಫ್ಲಾರಿಡಾದಲ್ಲಿ ತೆರೆದ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ನಿಜವಾಗಿಯೂ ಹೀಗೇ ಇದೆ. ಜನ ನಡೆಯೋದು ಮೇಲೆ, ಅದರ ಕೆಳಗಿನ ಅಂತಸ್ತಿನ ಸುರಂಗಗಳಲ್ಲಿ ಕೆಲಸಗಾರರ ಓಡಾಟ. ಪಾರ್ಕ್ ಚೆನ್ನಾಗಿ ನಡೀತಿದೆ ಅಂದ್ರೆ ಕಾಣದ ಕಡೆ ಯಾರೋ ದುಡೀತಿದ್ದಾರೆ ಅಂತ ಅರ್ಥ. ಅವರಿಗೂ ಜಾಗ ಬಿಟ್ಟೇ ಡಿಸೈನ್ ಮಾಡಿ.

9/9
"ಗೇಮ್ ತಾನೇ ಮಗಾ, ಯಾಕಿಷ್ಟು ಸೀರಿಯಸ್?" ಅಂತ ಕಮೆಂಟ್ ಬರುತ್ತೆ, ಗೊತ್ತು. ಅಂಥ ಬ್ಲೂಪ್ರಿಂಟ್ ಹಾಕಿ ಆಡೋರು ಆಡಲಿ, ಯಾರ ಕೈಯೂ ಹಿಡಿಯಲ್ಲ. ಬೇರೆಯವರು ಕಟ್ಟಿದ್ದನ್ನ ಬಿಚ್ಚಿ ನೋಡಿ ಕಲಿಯೋದಾದ್ರೆ ಇನ್ನೂ ಒಳ್ಳೇದು. ಆದ್ರೆ ಡೌನ್‌ಲೋಡ್ ಮಾಡಿ ಇಟ್ಟು "ನಾನು ಡಿಸೈನ್ ಮಾಡ್ದೆ" ಅನ್ನಬೇಡಿ.

ಸೀರಿಯಸ್ ಯಾಕೆ ಅಂದ್ರೆ, ಮೇಲಿಂದ ನೋಡೋ ಚಟ ಗೇಮಲ್ಲೇ ನಿಲ್ಲಲ್ಲ. ಮೇಲಿಂದ ನೋಡಿದ್ರೆ ಬೆಂಗಳೂರಿನ ಫ್ಲೈಓವರ್ ಕೂಡ ಸೂಪರ್. ಕೆಳಗೆ ಇಳಿದ್ರೆ ಫುಟ್‌ಪಾತ್ ಅರ್ಧಕ್ಕೇ ಮುಗಿದುಹೋಗಿರುತ್ತೆ, ಅಜ್ಜಿಯೊಬ್ಬರು ರಸ್ತೆ ದಾಟೋಕೆ ಕಾಯ್ತಾ ನಿಂತಿರ್ತಾರೆ, ಕೂರೋಕೆ ಒಂದು ಕಲ್ಲೂ ಇರಲ್ಲ. ಅದನ್ನ ಡಿಸೈನ್ ಮಾಡಿದವರೂ ನಕ್ಷೆಯನ್ನ ಮೇಲಿಂದಲೇ ನೋಡಿದ್ರು. ನಮ್ಮಲ್ಲಿ ಕೆಲವರು ನಾಳೆ ಸಿವಿಲ್, ಆರ್ಕಿಟೆಕ್ಚರ್ ಓದ್ತೀರ. ಕೆಲವರು ಪಂಚಾಯ್ತಿಯಲ್ಲಿ ಕೂರ್ತೀರ. ನೆಲದಿಂದ ನೋಡೋದನ್ನ ತಪ್ಪಾದ್ರೂ ಯಾರಿಗೂ ನೋವಾಗದ ಈ ಪುಟ್ಟ ಜನರ ಜೊತೆಗೇ ಕಲಿತುಬಿಡಿ.

ಈ ವಾರದ ಸವಾಲು: ಡ್ರೋನ್ ಶಾಟ್ ಬ್ಯಾನ್. ನಿಮ್ಮ ಪಾರ್ಕಿನ ಗೇಟಿನಲ್ಲಿ, ಮನುಷ್ಯನ ಕಣ್ಣಿನ ಎತ್ತರದಲ್ಲಿ ಒಂದೇ ಒಂದು ಸ್ಕ್ರೀನ್‌ಶಾಟ್ ತೆಗೆದು ಹಾಕಿ. ಜೊತೆಗೆ ಇಷ್ಟು ಬರೀರಿ: ಅಲ್ಲಿಂದ ಹತ್ತಿರದ ಬೆಂಚು ಎಲ್ಲಿ, ಟಾಯ್ಲೆಟ್ ಎಲ್ಲಿ, ಯಾವುದನ್ನ ನೋಡ್ಕೊಂಡು ಕಾಲು ಮುಂದೆ ಹೋಗುತ್ತೆ. ಮೂರಕ್ಕೂ ಉತ್ತರ ಇದ್ರೆ ನಿಮ್ಮ ಕೋಸ್ಟರ್ ಹತ್ತು ಮೀಟರ್ ಇದ್ರೂ ನಾನೇ ಸ್ಟೋರಿಗೆ ಹಾಕ್ತೀನಿ.

#ನೆಲದಿಂದನೋಡಿ #ಡ್ರೋನ್‌ಶಾಟ್‌ಬ್ಯಾನ್ #ರೋಲರ್‌ಕೋಸ್ಟರ್‌ಟೈಕೂನ್ #ಪ್ಲಾನೆಟ್‌ಕೋಸ್ಟರ್ #ಪಾರ್ಕಿಟೆಕ್ಟ್ #ಕನ್ನಡಗೇಮಿಂಗ್ #ಟಾಯ್ಲೆಟ್‌ಮೊದಲು