ಉಳಿದ ಬ್ರೆಡ್ಡಿನ ಲೆಕ್ಕ, ಕ್ರೂಟಾನಿನ ಉಪ್ಪು

ಬೇಕರಿ ಘಟಕವೊಂದರ ಲೆಕ್ಕಪತ್ರಗಳನ್ನು ಪರಿಶೋಧಿಸುವಾಗ ನಾನು ಮೊದಲು ನೋಡುವುದು ಮಾರಾಟದ ಅಂಕಣವನ್ನಲ್ಲ, ಮಾರಾಟವಾಗದೆ ಉಳಿದ ಸರಕಿನ ಅಂಕಣವನ್ನು. ಕೆಲ ಕಾಲದ ಹಿಂದೆ ನನ್ನ ಕಕ್ಷಿದಾರರೊಬ್ಬರು ಆ ಅಂಕಣದ ಮೇಲೆ ಬೆರಳಿಟ್ಟು ಕೇಳಿದರು: “ಈ ಬ್ರೆಡ್ಡನ್ನು ತುಂಡರಿಸಿ, ಮಸಾಲೆ ಹಚ್ಚಿ, ಕ್ರೂಟಾನ್ ಮಾಡಿ ಹೋಟೆಲುಗಳಿಗೆ ಮಾರಿದರೆ ಹೇಗೆ? ಕಚ್ಚಾ ಮಾಲು ಹೇಗಿದ್ದರೂ ಪುಕ್ಕಟೆ.” ಆಲೋಚನೆ ಒಳ್ಳೆಯದೇ. ಆದರೆ ‘ಪುಕ್ಕಟೆ’ ಎಂಬ ಆ ಒಂದು ಪದದಲ್ಲಿ ಲೆಕ್ಕದ ತಪ್ಪೂ ಆರೋಗ್ಯದ ಅಪಾಯವೂ ಅಡಗಿವೆ. ಸದಸ್ಯ ಬಾಂಧವರಲ್ಲಿ ಬೇಕರಿ, ಹೋಟೆಲು ಹಾಗೂ ಸಿದ್ಧ ಆಹಾರದ ವ್ಯಾಪಾರ ನಡೆಸುವವರು ಅನೇಕರಿರುವುದರಿಂದ ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸುತ್ತಿದ್ದೇನೆ.

ಕ್ರೂಟಾನ್ ಎಂಬುದು ಫ್ರೆಂಚ್ ಮೂಲದ ಹೆಸರು. ಬ್ರೆಡ್ಡಿನ ಗಟ್ಟಿ ಹೊರಪದರವನ್ನು ಸೂಚಿಸುವ ಪದದಿಂದ ಬಂದುದು. ವಸ್ತು ಮಾತ್ರ ನಮಗೆ ಅಪರಿಚಿತವಲ್ಲ. ನಮ್ಮ ಅಯ್ಯಂಗಾರ್ ಬೇಕರಿಗಳ ರಸ್ಕಿಗೂ ಖಾರದ ಟೋಸ್ಟಿಗೂ ಇದು ಸಮೀಪದ ಬಂಧು. ಬ್ರೆಡ್ಡನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ, ಎಣ್ಣೆ ಅಥವಾ ಬೆಣ್ಣೆ ಸವರಿ, ಬೆಳ್ಳುಳ್ಳಿ, ಮೆಣಸು, ಸೊಪ್ಪಿನ ಪುಡಿಗಳನ್ನು ಲೇಪಿಸಿ, ಗರಿಗರಿಯಾಗುವವರೆಗೆ ಒಣಗಿಸಿದರೆ ಕ್ರೂಟಾನ್ ಸಿದ್ಧ. ಒಂದು ದಿನ ಹಳೆಯದಾದ ಬ್ರೆಡ್ಡು ಇದಕ್ಕೆ ತಾಜಾ ಬ್ರೆಡ್ಡಿಗಿಂತಲೂ ಉತ್ತಮ. ಅದು ಮುದುಡದೆ ಕತ್ತರಿಸಲು ಬರುತ್ತದೆ.

ಈಗ ಲೆಕ್ಕ. ಬ್ರೆಡ್ಡಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ನೀರಿರುತ್ತದೆ. ನೂರು ಕಿಲೋ ಬ್ರೆಡ್ಡನ್ನು ಗರಿಗರಿಯಾಗಿ ಒಣಗಿಸಿದರೆ ಸುಮಾರು 67 ಕಿಲೋ ಮಾತ್ರ ಉಳಿಯುತ್ತದೆ. ಬ್ರೆಡ್ಡಿನ ಉತ್ಪಾದನಾ ವೆಚ್ಚ ಕಿಲೋಗೆ 40 ರೂಪಾಯಿ ಎಂದಿಟ್ಟುಕೊಂಡರೆ, ಒಣಗಿದ ತುಣುಕಿನ ವೆಚ್ಚ ಸುಮಾರು 60 ರೂಪಾಯಿ. ಎಣ್ಣೆ, ಮಸಾಲೆ, ಇಂಧನ, ಕೂಲಿ, ತೇವ ಹೊಗದ ಪೊಟ್ಟಣ ಇವೆಲ್ಲ ಇದರ ಮೇಲೆ. ಉಳಿಕೆಯ ಬ್ರೆಡ್ಡಿಗೆ ಶೂನ್ಯ ಬೆಲೆ ಕಟ್ಟಿ ಮಾರಾಟದ ದರ ನಿಗದಿಪಡಿಸಿದವರು, ಬೇಡಿಕೆ ಹೆಚ್ಚಿ ತಾಜಾ ಬ್ರೆಡ್ಡನ್ನೇ ಬಳಸಬೇಕಾದ ದಿನ ನಷ್ಟಕ್ಕೆ ಇಳಿಯುತ್ತಾರೆ.

ತೆರಿಗೆಯ ಭೇದವನ್ನೂ ಗಮನಿಸತಕ್ಕದ್ದು. ಬ್ರೆಡ್ಡಿಗೆ ಸರಕು ಮತ್ತು ಸೇವಾ ತೆರಿಗೆ ಇಲ್ಲ; ರಸ್ಕ್, ಟೋಸ್ಟ್ ಮಾಡಿದ ಬ್ರೆಡ್ ಹಾಗೂ ತತ್ಸಮಾನ ಪದಾರ್ಥಗಳಿಗೆ ಶೇ. 5. ಬ್ರೆಡ್ಡನ್ನೇ ಒಣಗಿಸಿ ಮಾಡಿದ ಕ್ರೂಟಾನಿನ ಸ್ವರೂಪ ಎರಡನೆಯ ವರ್ಣನೆಗೆ ಹೊಂದುತ್ತದೆ. ಒಂದೇ ಘಟಕದಲ್ಲಿ ವಿನಾಯಿತಿಯ ಸರಕೂ ತೆರಿಗೆಯ ಸರಕೂ ತಯಾರಾದಾಗ ಹೂಡುವಳಿ ತೆರಿಗೆ ಜಮೆಯನ್ನು ಪ್ರಮಾಣಾನುಸಾರ ವಿಂಗಡಿಸಬೇಕಾಗುತ್ತದೆ. ಮೊದಲ ದಿನದಿಂದಲೇ ಪ್ರತ್ಯೇಕ ದಾಸ್ತಾನು ಪುಸ್ತಕ ಇಡುವುದು ಕ್ಷೇಮ.

ಇದಕ್ಕಿಂತ ಮುಖ್ಯವಾದುದು ಯಾವ ಬ್ರೆಡ್ಡು ಎಂಬ ಪ್ರಶ್ನೆ. ಘಟಕದಲ್ಲಿಯೇ ಉಳಿದ, ಅವಧಿಯೊಳಗಿನ ಬ್ರೆಡ್ಡು ಬೇರೆ. ಅವಧಿ ಮೀರಿ ಅಂಗಡಿಗಳಿಂದ ಹಿಂದಿರುಗಿದ ಬ್ರೆಡ್ಡು ಬೇರೆ. ಎರಡನೆಯದು ಒಲೆಯನ್ನು ಸೇರಲೇಬಾರದು. ಬೂಷ್ಟಿನಿಂದ ಉಂಟಾಗುವ ವಿಷ ಪದಾರ್ಥಗಳನ್ನು ಬೇಕರಿಯ ಶಾಖ ಪೂರ್ಣವಾಗಿ ನಾಶಪಡಿಸುವುದಿಲ್ಲ, ಮಸಾಲೆಯಾದರೋ ಅದರ ವಾಸನೆಯನ್ನು ಮರೆಮಾಚುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಡಿಸೆಂಬರ್‌ನಲ್ಲಿ, ಅವಧಿ ಮೀರಿದ ಹಾಗೂ ತಿರಸ್ಕೃತ ಆಹಾರದ ವಿವರವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುವಂತೆ ಪರವಾನಗಿ ಪಡೆದ ತಯಾರಕರಿಗೆ ಸೂಚಿಸಿದ್ದು ಇಂತಹ ಸರಕು ಮತ್ತೆ ಮಾರುಕಟ್ಟೆಗೆ ಬಾರದಿರಲೆಂದೇ. ನನ್ನ ಕಕ್ಷಿದಾರರು ತೋರಿಸಿದ ಅಂಕಣದಲ್ಲಿ ಇವೆರಡೂ ಒಂದಾಗಿ ಬೆರೆತಿದ್ದವು. ನಾನು ಮಾಡಿಸಿದ ಮೊದಲ ಕೆಲಸ ಆ ಅಂಕಣವನ್ನು ಎರಡಾಗಿ ಸೀಳಿದ್ದು.

ಇನ್ನು ಪೌಷ್ಟಿಕತೆ. ನೂರು ಗ್ರಾಂ ಬಿಳಿ ಬ್ರೆಡ್ಡಿನಲ್ಲಿ ಸುಮಾರು 265 ಕಿಲೋಕ್ಯಾಲರಿ ಶಕ್ತಿಯಿದ್ದರೆ, ಅಷ್ಟೇ ತೂಕದ ಮಸಾಲೆ ಕ್ರೂಟಾನಿನಲ್ಲಿ ಸಾಮಾನ್ಯವಾಗಿ 465ರಷ್ಟು. ಕೊಬ್ಬು ಸುಮಾರು 18 ಗ್ರಾಂ. ಸೋಡಿಯಂ 1,000 ಮಿಲಿಗ್ರಾಂಗೂ ಅಧಿಕ. ನೀರು ಹೋಗಿ ಎಣ್ಣೆ, ಉಪ್ಪು ಬಂದುದರ ಫಲ ಇದು. ನಮ್ಮ ಲೇಬಲ್ ನಿಯಮಗಳು ದಿನವೊಂದಕ್ಕೆ ಆಧಾರವಾಗಿ ಹಿಡಿಯುವ ಸೋಡಿಯಂ 2,000 ಮಿಲಿಗ್ರಾಂ, ಅಂದರೆ ಸುಮಾರು 5 ಗ್ರಾಂ ಉಪ್ಪು. ಸೂಪಿನ ಮೇಲೆ ಉದುರಿಸುವ ಹತ್ತು ಗ್ರಾಂ ಕ್ರೂಟಾನು ಇದರ ಇಪ್ಪತ್ತನೆಯ ಒಂದು ಭಾಗವನ್ನು ಮಾತ್ರ ತುಂಬೀತು. ನೂರು ಗ್ರಾಂ ಪೊಟ್ಟಣವನ್ನು ಚಹದ ಜೊತೆ ಖಾಲಿ ಮಾಡಿದವನಾದರೋ ದಿನದ ಅರ್ಧ ಪಾಲನ್ನು ಒಮ್ಮೆಗೇ ತಿಂದಿರುತ್ತಾನೆ. ಮೇಲೋಗರವಾಗಿ ಇದು ನಿರಪಾಯಕಾರಿ, ತಿಂಡಿಯಾಗಿ ಅಲ್ಲ. ಆದುದರಿಂದ ಪೊಟ್ಟಣದ ಮೇಲೆ ‘ಒಂದು ಬಾರಿಗೆ ಹತ್ತು ಗ್ರಾಂ’ ಎಂದು ಮುದ್ರಿಸಿ, ಮಾರಾಟದ ಪ್ರಚಾರದಲ್ಲಿ ಕುರುಕಲು ತಿಂಡಿಯೆಂದು ಸಾರುವುದು ಪ್ರಾಮಾಣಿಕ ವ್ಯಾಪಾರವಾಗದು.

ಪರಿಹಾರ ತಯಾರಕರ ಕೈಯಲ್ಲಿಯೇ ಇದೆ. ಬ್ರೆಡ್ಡಿನ ಹಿಟ್ಟಿಗೆ ಉಪ್ಪು ಮೊದಲೇ ಸೇರಿರುವುದರಿಂದ ಲೇಪನಕ್ಕೆ ಉಪ್ಪು ಅನಗತ್ಯ. ಮೆಣಸು, ಜೀರಿಗೆ, ಬೆಳ್ಳುಳ್ಳಿ, ಒಣಗಿಸಿದ ಕರಿಬೇವು ಇವೇ ರುಚಿಗೆ ಸಾಕು. ಕರಿಯುವ ಬದಲು ಒಲೆಯಲ್ಲಿ ಹೊಂಬಣ್ಣ ಬರುವವರೆಗೆ ಮಾತ್ರ ಬೇಯಿಸಬೇಕು. ಕಂದು ಹೆಚ್ಚಿದಷ್ಟೂ ಅಕ್ರಿಲಮೈಡ್ ಎಂಬ ಅನಪೇಕ್ಷಿತ ರಾಸಾಯನಿಕ ಹೆಚ್ಚುತ್ತದೆ. ಇಡೀ ಗೋಧಿಯ ಬ್ರೆಡ್ಡಾದರೆ ನಾರಿನಂಶದ ಲಾಭವೂ ಉಂಟು.

ಬಳಕೆಗೂ ಕೊರತೆಯಿಲ್ಲ. ಟೊಮೇಟೊ ಸೂಪು, ತರಕಾರಿ ಸಲಾಡು ಸರ್ವವಿದಿತ. ಸೌತೆಕಾಯಿ ಕೋಸಂಬರಿಯ ಮೇಲೆ, ಚಾಟ್‌ಗಳಲ್ಲಿ ಕರಿದ ಪೂರಿಗೆ ಬದಲಾಗಿ ಇದು ಚೆನ್ನಾಗಿ ಒಗ್ಗುತ್ತದೆ. ಒಡೆದು ಉಳಿದ ಪುಡಿ ಕಟ್ಲೆಟ್ಟಿನ ಹೊರಲೇಪನಕ್ಕೆ ಯೋಗ್ಯ. ಹೋಟೆಲಿನವರು ಇದನ್ನು ಬಡಿಸುವ ಕ್ಷಣದಲ್ಲಿ, ಸಾಧ್ಯವಾದರೆ ಪ್ರತ್ಯೇಕ ಬಟ್ಟಲಿನಲ್ಲಿ ಕೊಡಬೇಕು. ಮೊದಲೇ ಬೆರೆಸಿದರೆ ಗರಿಯೂ ಹೋಯಿತು, ಹಣವೂ ಹೋಯಿತು.

ಉಳಿದುದನ್ನು ಎಸೆಯದಿರುವುದು ನಮ್ಮ ಹಿರಿಯರ ಅಡುಗೆಮನೆಯ ಧರ್ಮ. ಕೆಟ್ಟುದನ್ನು ಬಡಿಸದಿರುವುದೂ ಅದೇ ಧರ್ಮದ ಇನ್ನೊಂದು ಮುಖ. ಬೇಕರಿ ನಡೆಸುವ ಸದಸ್ಯರು ಈ ತಿಂಗಳು ತಮ್ಮ ಉಳಿಕೆಯ ಅಂಕಣವನ್ನು ಒಮ್ಮೆ ತೆರೆದು ನೋಡಲಿ. ಅದರಲ್ಲಿ ಲಾಭವಾಗಬಲ್ಲದ್ದೆಷ್ಟು, ಗುಂಡಿಗೆ ಹೋಗಬೇಕಾದುದೆಷ್ಟು ಎಂದು ಪ್ರತ್ಯೇಕಿಸಿದ ಬಳಿಕವಷ್ಟೇ ಒಲೆ ಹೊತ್ತಿಸಲಿ ಎಂಬುದು ನನ್ನ ವಿನಂತಿ.