ವಿಮಾ ಕಂಪನಿಗಳ ಸಾಮಾಜಿಕ ಹೊಣೆ: ಶೇ. 2ರ ಆಚೆಗೆ

ಕಂಪನಿಗಳ ಕಾಯ್ದೆ, 2013ರ 135ನೇ ಕಲಮು 2014ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ, ಸಾಂಸ್ಥಿಕ ಸಾಮಾಜಿಕ ಹೊಣೆಗಾರಿಕೆಯು ಕೇವಲ ಔದಾರ್ಯದ ವಿಷಯವಾಗಿ ಉಳಿದಿಲ್ಲ. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿಗಳ ನಿವ್ವಳ ಮೌಲ್ಯ, 1,000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು.

ವಿಮಾ ಕಂಪನಿಗಳೂ ಈ ನಿಯಮಕ್ಕೆ ಒಳಪಟ್ಟಿವೆ. ಅವು ಶಾಲಾ ಕೊಠಡಿ ಕಟ್ಟಿಸುವುದು, ಕುಡಿಯುವ ನೀರು ಒದಗಿಸುವುದು ಸ್ವಾಗತಾರ್ಹವೇ. ಆದರೆ ವಿಮಾ ವ್ಯವಹಾರದ ಸ್ವರೂಪವೇ ಬೇರೆ. ವ್ಯಾಪಾರಿಯು ಸರಕು ಕೊಟ್ಟು ಹಣ ಪಡೆಯುತ್ತಾನೆ. ವಿಮಾ ಕಂಪನಿಯು ಮೊದಲು ಹಣ ಪಡೆದು ಭರವಸೆಯನ್ನಷ್ಟೇ ಕೊಡುತ್ತದೆ. ಆ ಭರವಸೆಯ ಬೆಲೆ ತಿಳಿಯುವುದು ಅಂಗಡಿಗೆ ಬೆಂಕಿ ಬಿದ್ದ ದಿನ, ಮನೆಯ ದುಡಿಯುವ ಕೈ ಇಲ್ಲವಾದ ದಿನ.

ಸಾಮಾನ್ಯ ವ್ಯವಹಾರದ ಭಾಗವಾದ ಚಟುವಟಿಕೆಗಳನ್ನು ಈ ಶೇ. 2ರಲ್ಲಿ ಸೇರಿಸುವಂತಿಲ್ಲ. ಆದ್ದರಿಂದ ಕ್ಲೇಮು ಇತ್ಯರ್ಥವಾಗಲಿ, ವಿಮಾ ಕಾಯ್ದೆ, 1938ರ 32ಬಿ ಮತ್ತು 32ಸಿ ಕಲಮುಗಳಂತೆ ಗ್ರಾಮೀಣ ಹಾಗೂ ಸಾಮಾಜಿಕ ವಲಯಗಳಲ್ಲಿ ಮಾಡಲೇಬೇಕಾದ ವ್ಯವಹಾರವಾಗಲಿ ಇದರಲ್ಲಿ ಬರುವುದಿಲ್ಲ. ಇದು ನ್ಯಾಯವೇ, ಕರ್ತವ್ಯವನ್ನು ದಾನವೆಂದು ತೋರಿಸಬಾರದು. ಹಾಗೆಯೇ ದಾನವೂ ಕರ್ತವ್ಯಲೋಪವನ್ನು ಮರೆಮಾಚಬಾರದು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೇ ನೋಡಿ. 2015ರಲ್ಲಿ ವಾರ್ಷಿಕ 12 ರೂಪಾಯಿಗಳಿಗೆ ಆರಂಭವಾದ ಈ ಅಪಘಾತ ವಿಮೆಯ ಕಂತು 2022ರ ಜೂನ್‌ನಿಂದ 20 ರೂಪಾಯಿ. ಅಪಘಾತದಲ್ಲಿ ಮೃತಪಟ್ಟರೆ ಪರಿಹಾರ 2 ಲಕ್ಷ. ಕಂತು ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುವುದರಿಂದ, ಖಾತೆದಾರನು ಹೇಳದೆ ಹೋದರೆ ವಿಮೆಯಿದೆಯೆಂಬುದೇ ಮನೆಯವರಿಗೆ ತಿಳಿಯುವುದಿಲ್ಲ. ಇತರ ಪಾಲಿಸಿಗಳಲ್ಲಿಯೂ ಹತ್ತು ವರ್ಷಗಳಿಗೂ ಮೀರಿ ಯಾರೂ ಕೇಳದೆ ಉಳಿದ ಹಣವು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಸೇರುತ್ತದೆ. ಆ ನಿಧಿಯ ಉದ್ದೇಶ ಒಳ್ಳೆಯದೇ. ಆದರೂ ವಾರಸುದಾರರನ್ನು ಹುಡುಕಿ ಹಣ ತಲುಪಿಸುವುದಕ್ಕಿಂತ ದೊಡ್ಡ ಸಮಾಜಸೇವೆ ವಿಮಾ ಕಂಪನಿಗೆ ಯಾವುದಿದೆ?

ಸುಳ್ಳು ಕ್ಲೇಮುಗಳನ್ನು ತಡೆಯುವುದೂ ಕಂಪನಿಯ ಹೊಣೆಯೇ, ಏಕೆಂದರೆ ಅದರ ಭಾರ ಪ್ರಾಮಾಣಿಕ ಗ್ರಾಹಕರ ಕಂತಿನ ಮೇಲೆ ಬೀಳುತ್ತದೆ. ಆದರೆ ತನಿಖೆಯ ಹೆಸರಿನಲ್ಲಿ ನಡೆಯುವ ವಿಳಂಬಕ್ಕೆ ಇದು ಸಮರ್ಥನೆಯಾಗದು.

ಆದುದರಿಂದ ನನ್ನ ಸಲಹೆ ಸರಳ. ವಾರ್ಷಿಕ ವರದಿಯಲ್ಲಿ ಸಾಮಾಜಿಕ ವೆಚ್ಚದ ವಿವರದ ಪಕ್ಕದಲ್ಲಿಯೇ ಮೂರು ಅಂಕಿಗಳಿರಲಿ: ತಿರಸ್ಕೃತ ಕ್ಲೇಮುಗಳು, ಇತ್ಯರ್ಥಕ್ಕೆ ಹಿಡಿದ ಸರಾಸರಿ ದಿನಗಳು, ವಾರಸುದಾರರಿಗೆ ತಲುಪದ ಮೊತ್ತ. ಗುಂಪು ವಿಮೆಯನ್ನು ನವೀಕರಿಸುವಾಗ ನಮ್ಮ ಸದಸ್ಯರು ಕಂತಿನ ರಿಯಾಯಿತಿಯ ಜೊತೆಗೆ ಈ ಅಂಕಿಗಳನ್ನೂ ಕೇಳಲಿ. ತಮ್ಮ ನೌಕರರ ನಾಮನಿರ್ದೇಶನದ ದಾಖಲೆಗಳು ಸರಿಯಾಗಿವೆಯೇ ಎಂಬುದನ್ನೂ ಪರಿಶೀಲಿಸಲಿ. ಆ ಭಾಗದ ಹೊಣೆ ನಮ್ಮದು.